ಪರಮೇಶನ ಎಂಟು ಕೇಳುಗರು

ಸೆಮಿನಾರಿಗೆ ಎಂಟು ಜನ ಕೇಳುಗರು ಬಂದು ಅಭಿಪ್ರಾಯ ಹೇಳಲೇಬೇಕು ಎಂಬ ಒಂದು ಸಾಲಿನ ನಿಯಮ ಪರಮೇಶನ ಪ್ರಾಣ ಹಿಂಡಿತು. ಹಳಗನ್ನಡ ಓದಲು ಅವನ ಜೊತೆ ಎಂ.ಎ. ಸೇರಿದ್ದ ಹನ್ನೊಂದು ಮಂದಿಯೂ ಜಾವಾ ಕಲಿಯಲು ಅಮೀರ್‌ಪೇಟೆಗೆ ಹಾರಿಹೋಗಿದ್ದರು. ಇಡೀ ಹೈದರಾಬಾದೇ ಕಂಪ್ಯೂಟರಿನ ಮುಂದೆ ಕೂತಿದ್ದ ಕಾಲವದು. ಸೆಮಿನಾರು ಆಗದಿದ್ದರೆ ಎಂ.ಎ. ಇಲ್ಲ, ಮುಂದೆ ಸಂಶೋಧನೆಯ ಸೀಟೂ ಇಲ್ಲ.

ಪ್ರಬಂಧವಾದರೂ ಸಾಮಾನ್ಯದ್ದೇ? ಹಿಂದಿನ ಕವಿಗಳು ತಮಗೆ ಅನ್ನ ಹಾಕಿದ ದೊರೆಯನ್ನೇ ಅರ್ಜುನ, ಕರ್ಣ ಎಂದು ಹೊಗಳಿದರು. ಆ ಹೊಗಳಿಕೆಯನ್ನೇ ನಾವು ಇತಿಹಾಸವೆಂದು ಓದುತ್ತಿದ್ದೇವೆ ಎಂಬುದು ಅವನ ವಾದ. ಅದು ಹೊಳೆದಾಗಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸೆಮಿನಾರಿನ ದಿನ ಬೆಳಿಗ್ಗೆ, ತಾನು ಬಾಡಿಗೆಗಿದ್ದ ಮಲ್ಕಾಜ್‌ಗಿರಿಯ ಮನೆಯೊಡತಿ ಬಸಲಿಂಗಮ್ಮನ ಮುಂದೆ ಹೋಗಿ ಕೈಮುಗಿದು ನಿಂತ.

"ಇಷ್ಟಕ್ಕ್ಯಾಕ ಅಳ್ತೀಯೋ? ನಮ್ಮ ವಠಾರದ ಮಂದಿ ಇಲ್ಲೇನು? ಆದ್ರ ಖಾಲಿ ಹೊಟ್ಯಾಗ ಸಾಹಿತ್ಯ ಇಳಿಯೂದಿಲ್ಲ ನೋಡು!"

ಪರಮೇಶ ಮಂಡಕ್ಕಿಯ ಸುಸಲಾ ಮತ್ತು ಮಿರ್ಚಿ ಭಜಿ ತರಿಸಿದ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾಗಿದ್ದ ವಠಾರದ ರಾಮದಾಸರು, "ಇರಾನಿ ಚಹಾ ಇಲ್ದ ನಾ ಹೆಜ್ಜಿ ಎತ್ತೂದಿಲ್ಲ" ಎಂದರು. ಚಹಾ ಬಂತು. ಮಧ್ಯಾಹ್ನ ಊಟ, ಮೇಲೆ ಸಿಹಿಗೆ ಖುಬಾನಿ ಮೀಠಾ ಎಂದೂ ಒಪ್ಪಂದವಾಯಿತು.

ಬಸ್ಸು ಹತ್ತಿದ ಹುರುಪಿಗೆ ರಾಮದಾಸರು ಹಳೆಯ ಸೀಟಿ ತೆಗೆದು ಊದಿಯೇಬಿಟ್ಟರು. ಕಂಡಕ್ಟರನ ಸೀಟಿಯೆಂದುಕೊಂಡು ಡ್ರೈವರ್ ಗಾಡಿ ಬಿಟ್ಟ. ಮೂವರು ಕೇಳುಗರು ಕೆಳಗೇ ಉಳಿದು, ಹಿಂದಿನಿಂದ ಪರಮೇಶನ ಖರ್ಚಿನಲ್ಲಿ ಆಟೋದಲ್ಲಿ ಬಂದರು.

ಸೆಮಿನಾರಿನ ಕೋಣೆಯಲ್ಲಿ ಪ್ರೊಫೆಸರ್ ಸತ್ಯಭಾಮಾ ಮೇಡಂ ತಲೆ ಎಣಿಸಿದರು. ಸರಿಯಾಗಿ ಎಂಟು! ಪರಮೇಶ ಉಬ್ಬಿಹೋಗಿ ಓದಿದ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಚಪ್ಪಾಳೆ ಬಿತ್ತು. ಬಸಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಪ್ರಬಂಧ ಹೇಗಿತ್ತು?" ಮೇಡಂ ಕೇಳುಗರತ್ತ ತಿರುಗಿದರು.

"ಏನ್ ಕೇಳ್ತೀರಿ ಮೇಡಂ! ಇಂವಾ ಸಾಕ್ಷಾತ್ ಅರ್ಜುನ!" ಎಂದರು ರಾಮದಾಸರು.

"ದಾನದಾಗ ಕರ್ಣ ರೀ!" ಬಸಲಿಂಗಮ್ಮ ಸೇರಿಸಿದರು.

ಮೇಡಂ ಕನ್ನಡಕ ತೆಗೆದರು. "ದಾನವೇ? ಏನು ಕೊಟ್ಟ?"

"ಸುಸಲಾ, ಮಿರ್ಚಿ, ಚಹಾ. ಊಟ ಇನ್ನೂ ಬಾಕಿ ಐತ್ರಿ!" ಬಸಲಿಂಗಮ್ಮ ಲೆಕ್ಕ ಒಪ್ಪಿಸಿದರು.

ಪರಮೇಶ ಸುಮ್ಮನಿರುವಂತೆ ಅವರಿಗೆ ಕಣ್ಸನ್ನೆ ಮಾಡಿದ. ಆದರೆ ಮೇಡಂ ಕುರ್ಚಿಯಿಂದೆದ್ದು ಬಂದು ಅವನ ಕೈ ಕುಲುಕಿದರು. "ಇಪ್ಪತ್ತು ವರ್ಷದಲ್ಲಿ ಇಂಥ ಪುರಾವೆ ನಾನು ನೋಡಿಲ್ಲ! ನಿನ್ನ ವಾದ ಕಣ್ಣೆದುರಿಗೇ ಸಾಬೀತಾಯಿತು!"

ಪರಮೇಶ ಖುಷಿಯಿಂದ ಕುಣಿಯುವುದೊಂದು ಬಾಕಿ.

"ಆದ್ದರಿಂದ," ಮೇಡಂ ಹಾಜರಿ ಹಾಳೆಯ ಎಂಟೂ ಹೆಸರಿನ ಮೇಲೆ ಗೆರೆ ಎಳೆದರು, "ಇವರ ಮಾತು ನಂಬುವಂತಿಲ್ಲ. ಸೋಮವಾರ ಕಡೆಯ ಅವಕಾಶ. ನಿನ್ನ ಉಪ್ಪು ತಿನ್ನದ ಎಂಟು ಜನರನ್ನು ಕರೆದುಕೊಂಡು ಬಾ."

ಹೊರಗೆ ಬಂದ ಮೇಲೆ ಬಸಲಿಂಗಮ್ಮ ಅವನ ಬೆನ್ನು ತಟ್ಟಿದರು. "ಚಿಂತಿ ಮಾಡಬ್ಯಾಡೋ. ನನ್ನ ತಂಗಿ ಮನಿಯಾಗ ಸರಿಯಾಗಿ ಎಂಟು ಮಂದಿ ಅದಾರ. ನಿನ್ನ ಮಾರಿ ಸೈತ ನೋಡಿಲ್ಲ."

ಪರಮೇಶನಿಗೆ ಹೋದ ಜೀವ ಬಂದಂತಾಯಿತು.

"ಆದ್ರ ಅವ್ರೂ ನಮ್ಮಂಗ," ಎಂದರು ಬಸಲಿಂಗಮ್ಮ. "ಮೊದಲ ನಾಷ್ಟಾ, ಆಮ್ಯಾಲ ಸಾಹಿತ್ಯ!"