ಪಾಡ್ ಹೊರಟಿತು, ಅತ್ತೆ ಉಳಿದರು

ಅತ್ತೆ ದೆಹಲಿಗೆ ಬಂದಿದ್ದೇ ತಡ, ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಅವರು ಅರಸೀಕೆರೆಗೆ ವಾಪಸ್ ರೈಲು ಹತ್ತುವುದರೊಳಗೆ ಅವರ ಬಾಯಿಂದಲೇ "ನಮ್ಮ ಅಳಿಯಂದ್ರು ಶೂರರು" ಎಂದು ಹೇಳಿಸದಿದ್ದರೆ ನನ್ನ ಹೆಸರು ಗೋಪಿನಾಥನೇ ಅಲ್ಲ! ಮದುವೆಯಾದಾಗಿನಿಂದ ಅವರು ನನ್ನನ್ನು ನೋಡುವ ನೋಟ ಒಂದೇ: ತೂಕದಲ್ಲಿ ಮೋಸಹೋದ ಗಿರಾಕಿಯ ನೋಟ. ಅದು ನನಗೆ ಬಹಳ ಚುಚ್ಚುತ್ತಿತ್ತು.

ಆದರೆ ಶೌರ್ಯ ತೋರಿಸಲು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಜಾಗವೆಲ್ಲಿ? ಹೊರಗೆ ನವೆಂಬರಿನ ಹೊಗೆ. ಕಿಟಕಿ ತೆರೆಯುವಂತಿಲ್ಲ, ವಾಕಿಂಗ್ ಹೋಗುವಂತಿಲ್ಲ. ಉಳಿದದ್ದು ಅಂತರಿಕ್ಷವೊಂದೇ! ನಾನು ಪ್ರತಿ ಶನಿವಾರ ಆಡುವ ಕಂಪ್ಯೂಟರ್ ಆಟವೊಂದಿದೆ. ಒಡೆದುಹೋದ ಗಗನನೌಕೆ, ಒಳಗೆ ಸಿಕ್ಕಿಕೊಂಡ ಸಿಬ್ಬಂದಿ. ಗಾಳಿ ಮುಗಿಯುವುದರೊಳಗೆ ಎಲ್ಲರೂ ಜೀವ ಉಳಿಸಿಕೊಂಡು ಪಾರಾಗಬೇಕು. ಕ್ಯಾಪ್ಟನ್ ಯಾರು? ಇನ್ಯಾರು, ನಾನೇ!

"ನೀವೂ ಬನ್ನಿ ಅತ್ತೆ. ನಾನಿರುವಾಗ ನಿಮ್ಮ ಕೂದಲೂ ಕೊಂಕಲ್ಲ!" ಎಂದೆ.

"ಗಾಳಿ ಇಲ್ದೆ ಒದ್ದಾಡೋದಕ್ಕೆ ಆಕಾಶಕ್ಕೆ ಯಾಕ್ರೀ ಹೋಗ್ಬೇಕು? ಇಲ್ಲೇ ಇದೆಯಲ್ಲ!" ಎಂದರು ಅತ್ತೆ ವಿಜಯಮ್ಮ. ಆದರೂ ಲ್ಯಾಪ್‌ಟಾಪ್ ಎತ್ತಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲಿ ಪ್ರತಿಷ್ಠಾಪಿತರಾದರು. ಹೆಂಡತಿ ಲಾವಣ್ಯಾ ಮಲಗುವ ಕೋಣೆಯಲ್ಲಿ, ನಾನು ಹಾಲ್‌ನಲ್ಲಿ. ಎದುರು ಮನೆಯ ಮಾಚಯ್ಯ, ಕೊಡಗಿನವರು, ಸೇನೆಯಲ್ಲಿ ಅಧಿಕಾರಿ. ಅವರು ತಮ್ಮ ಮನೆಯಲ್ಲೇ ಕೂತು ರಕ್ಷಣಾ ನೌಕೆ ಹಿಡಿದು ದೂರದಲ್ಲಿ ಕಾಯುತ್ತಿದ್ದರು. "ಇವತ್ತು ನಿಮಗೆ ಕೆಲಸವೇ ಇರಲ್ಲ ಸಾರ್," ಎಂದು ಅವರ ಮುಂದೆಯೂ ಕೊಚ್ಚಿಕೊಂಡೆ.

ಆಟ ಶುರುವಾಗಿ ನಾನು ಮೀಸೆ ತಿರುವುವಷ್ಟರಲ್ಲಿ ಉಲ್ಕೆಯೊಂದು ಬಂದು ಬಡಿಯಿತು. ಢಮಾರ್!

"ಹಲ್ ಮುರೀತು!" ಎಂದು ಅರಚಿದೆ.

"ಅಯ್ಯೋ! ಅದಕ್ಕೇ ಕೋಡುಬಳೆ ನಿಧಾನಕ್ಕೆ ಕಡೀರಿ ಅಂದಿದ್ದು!" ಅತ್ತೆ ಗಾಬರಿಯಾದರು.

"ಹಲ್ಲಲ್ಲ ಅತ್ತೆ, ಹಲ್! ನೌಕೆಯ ಹೊರಮೈ! ಇಂಜಿನ್ ಕೋಣೆಯಿಂದ ಗಾಳಿ ಸೋರ್ತಿದೆ!"

ಸೋರುವ ನಲ್ಲಿ ಕಂಡರೆ ಸುಮ್ಮನಿರುವ ಜೀವವಲ್ಲ ಅದು. ನಾನು ಬೇಡ ಎನ್ನುವುದರೊಳಗೆ ಇಂಜಿನ್ ಕೋಣೆಗೆ ನುಗ್ಗಿ ತೇಪೆ ಹಾಕತೊಡಗಿದರು. ಒಂದು ತೂತು ಮುಚ್ಚಿದರೆ ಇನ್ನೊಂದು ಬಾಯಿಬಿಟ್ಟಿತು. ಗಾಳಿಯ ಮಟ್ಟ ತೋರಿಸುವ ಮುಳ್ಳು ಕೆಂಪಿಗಿಳಿಯಿತು. ಆಟದೊಳಗೆ ಕಾಲಿಗೆ ಪೆಟ್ಟುಮಾಡಿಕೊಂಡಿದ್ದ ಲಾವಣ್ಯಾಳನ್ನು ದರದರ ಎಳೆದುಕೊಂಡು ನಾನು ಎಸ್ಕೇಪ್ ಪಾಡ್ ಸೇರಿದೆ. ನೌಕೆ ಸಿಡಿಯುವ ಮೊದಲು ಹತ್ತಿ ಪರಾರಿಯಾಗುವ ಪುಟ್ಟ ಡಬ್ಬಿ ಅದು.

"ಅತ್ತೆ, ಪಾಡ್ ಹೊರಡ್ತಿದೆ!"

ಅತ್ತ ಕಡೆಯಿಂದ ಶಾಂತ ಸ್ವರ ಬಂತು. "ನೀವು ಹೊರಡಿ ಅಳಿಯಂದ್ರೇ. ಲಾವಣ್ಯನ್ನ ನೋಡ್ಕೊಳ್ಳಿ. ನಾನು ಬರ್ತೀನಿ."

ಬರ್ತೀನಿ! ನಮ್ಮಲ್ಲಿ ಹೊರಟು ನಿಂತವರು ಎಂದಾದರೂ ಹೋಗ್ತೀನಿ ಎನ್ನುತ್ತಾರೆಯೇ? ಬರ್ತೀನಿ ಎಂದೇ ತಾನೇ ಕೈಮುಗಿಯುವುದು? ಮಗಳಿಗಾಗಿ ಎಂಥ ಪ್ರಾಣತ್ಯಾಗ! ಇಂಥ ಮಹಾತಾಯಿಯನ್ನು ಇಷ್ಟು ವರ್ಷ ತಪ್ಪು ತಿಳಿದಿದ್ದೆನಲ್ಲ! ಕಣ್ಣೊರೆಸಿಕೊಂಡು, "ಹೋಗಿ ಬನ್ನಿ ಅತ್ತೆ," ಎಂದು ಸೆಲ್ಯೂಟ್ ಹೊಡೆದು ಗುಂಡಿ ಒತ್ತಿದೆ. ಬಾಗಿಲು ಮುಚ್ಚಿತು, ಪಾಡ್ ಸುಯ್ಯೆಂದು ಹಾರಿತು.

"ಅಳಿಯಂದ್ರೇ, ಡಬ್ಬಿ ಎಲ್ಲಿ? ಬಾಗಿಲಿಗೆ ಬಂದು ನಿಂತಿದ್ದೀನಿ!"

"ನೀವು... ಬರ್ತೀನಿ ಅಂದ್ರಿ!"

"ಬರ್ತೀನಿ ಅಂದ್ರೆ ಬರ್ತೀನಿ ಅಂತ ಅಲ್ವೇನ್ರೀ!"

ಮಲಗುವ ಕೋಣೆಯ ಬಾಗಿಲು ಧಡಾರನೆ ತೆರೆಯಿತು. "ರೀ, ನಮ್ಮಮ್ಮನ್ನ ಬಿಟ್ಟು ಬಂದ್ರಾ?"

"ಅವರು ತ್ಯಾಗ ಮಾಡಿದ್ರು ಕಣೇ!"

"ತ್ಯಾಗವಂತೆ ತ್ಯಾಗ! ಬಸ್ಸಲ್ಲಿ ಕಿಟಕಿ ಸೀಟೇ ಬಿಟ್ಟುಕೊಡಲ್ಲ ನಮ್ಮಮ್ಮ, ಪ್ರಾಣ ಬಿಡ್ತಾರಾ? ಚಲೋ, ಹೋಗಿ ಕರ್ಕೊಂಡು ಬನ್ನಿ!"

ಅಷ್ಟರಲ್ಲಿ ನೌಕೆ ಸಿಡಿದು ಅತ್ತೆ ಹೊರಗೆ ಚಿಮ್ಮಿದ್ದರು. ನನಗೆ ವೀರಾವೇಶ ಬಂತು. ಪಾಡಿನ ಬಾಗಿಲು ತೆರೆದು ಶೂನ್ಯಕ್ಕೆ ಹಾರಿಯೇಬಿಟ್ಟೆ! ಹಾರಿದ ಮೇಲೆ ಹೊಳೆಯಿತು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿಲ್ಲ. ಹಿಂದೆ ಬಾಗಿಲನ್ನೂ ಹಾಕಿಲ್ಲ! ಒಳಗಿದ್ದ ಗಾಳಿಯೆಲ್ಲ ಹೊರಗೆ, ಗಾಳಿಯ ಹಿಂದೆಯೇ ಲಾವಣ್ಯಾಳೂ ಹೊರಗೆ! ಒಬ್ಬರನ್ನು ಉಳಿಸಲು ಹೋಗಿ ಮೂವರೂ ಅನಾಥರಾಗಿ ತೇಲತೊಡಗಿದೆವು.

"ಇದಕ್ಕೆ ಪಾಡು ಅಂತ ಹೆಸರಿಟ್ಟೋರು ತಿಳಿದೋರೇ ಇರ್ಬೇಕು," ಎಂದರು ಅತ್ತೆ, ತೇಲುತ್ತಲೇ.

ಆಗ ಮಾಚಯ್ಯನವರ ಧ್ವನಿ ಗುಡುಗಿತು. "ಗೋಪಿ, ನಾನು ಹತ್ತಿರ ಬಂದೆ. ನೀನು ದಯವಿಟ್ಟು ಏನನ್ನೂ ಮುಟ್ಟಬೇಡ!"

ಮೊದಲು ಅತ್ತೆಯನ್ನು ಎತ್ತಿಕೊಂಡರು. ಆಮೇಲೆ ಲಾವಣ್ಯಾಳನ್ನು. ಆಮೇಲೆ ನನ್ನ ಪಕ್ಕದಿಂದಲೇ ಸಾಗಿ ಮುಂದೆ ಹೋದರು!

"ಸಾರ್! ನಾನು?"

"ಸೀಟು ತುಂಬಿತಲ್ಲ ಗೋಪಿ. ಹಿಂದೆ ಗುಜರಿ ಸಾಮಾನು ತುಂಬೋ ಜಾಗ ಮಾತ್ರ ಇದೆ. ಏನಮ್ಮಾ, ಇವನನ್ನ ಹಾಕ್ಕೊಳ್ಳೋಣ್ವಾ, ಬೇಡ್ವಾ?"

ಅಡುಗೆಮನೆಯಲ್ಲಿ ಅತ್ತೆ ಯೋಚಿಸುತ್ತಿದ್ದರು. ನನ್ನ ಗಾಳಿ ಮುಗಿಯುತ್ತಿತ್ತು, ಅವರು ಇನ್ನೂ ಯೋಚಿಸುತ್ತಿದ್ದರು. ಕೊನೆಗೊಂದು ದೀರ್ಘವಾದ ನಿಟ್ಟುಸಿರು ಕೇಳಿಸಿತು.

"ಹಾಕ್ಕೊಳ್ಳಿ ಮಾಚಯ್ಯನವರೇ. ಏನ್ ಮಾಡೋಕಾಗುತ್ತೆ? ಹೆಣ್ಣು ಕೊಟ್ಟಾಗಿದೆ!"