ಲಿಫ್ಟ್ ಬಾಗಿಲವರೆಗೆ ಮಗ್ಗ

ಸಿಂಗಪುರದ ಬಿಶಾನ್ ಬಡಾವಣೆಯ ನಮ್ಮ ಬ್ಲಾಕಿನವರೆಲ್ಲ ಆತನಿಗೆ ಅರ್ಧ ಹುಚ್ಚು ಎನ್ನುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ಯಾವುದನ್ನೇ ಆಗಲಿ ಅರ್ಧಕ್ಕೆ ನಿಲ್ಲಿಸುವ ಆಸಾಮಿಯೇ ಅಲ್ಲ ಆತ!

ಘಾನಾದ ನೇಕಾರರ ಮನೆತನದ ಕಲಾವಿದ. ಪ್ರದರ್ಶನವೊಂದಕ್ಕೆ ನೇಯಲು ಆರು ತಿಂಗಳು ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ. ಹೆಗಲ ಮೇಲೆ ಅಜ್ಜ ನೇಯ್ದ ಬಟ್ಟೆ, ಕಾಲ ಕೆಳಗೆ ಸ್ಕೇಟ್‌ಬೋರ್ಡ್. ಹೀಗೆ ಹಾಲು ತರಲು ಹೋಗುವವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅವರ ಊರಿನಲ್ಲಿ ಮಗ್ಗದ ನೂಲನ್ನು ಅಂಗಳದುದ್ದಕ್ಕೂ ಎಳೆದು, ತುದಿಗೆ ಕಲ್ಲು ಹೇರುತ್ತಾರಂತೆ. ಇಲ್ಲಿ ಅಂಗಳವೆಲ್ಲಿ? ಬ್ಲಾಕಿನ ಬುಡದಲ್ಲಿ ಕಂಬಗಳ ನಡುವೆ ಖಾಲಿ ಬಿಟ್ಟ ವಾಯ್ಡ್ ಡೆಕ್ ಇದೆಯಲ್ಲ! ನೂಲು ಲಿಫ್ಟ್ ಬಾಗಿಲವರೆಗೆ ಹೋಯಿತು, ಕಲ್ಲಿನ ಬದಲು ಅಕ್ಕಿ ಮೂಟೆ ಕೂತಿತು. ನಾವು ಆಫೀಸ್ ಬ್ಯಾಗ್ ಹಿಡಿದು ನೂಲು ದಾಟುವುದನ್ನು ಕಲಿತೆವು.

ಆತ ನೇಯುತ್ತಿದ್ದ ನಾಲ್ಕು ಬೆರಳಗಲದ ಬಟ್ಟೆಯ ಪಟ್ಟಿಯಲ್ಲಿ ಗೋಡೆಬರಹದ ವಕ್ರ ಅಕ್ಷರಗಳು, ಹರಿದ ಜೀನ್ಸು, ಕೊನೆಗೆ ನನ್ನ ಮಗಳ ಶೂ ಲೇಸು!

"ಅಂಕಲ್ ಕೇಳಿದ್ರು, ಕೊಟ್ಟೆ ಲಾ!" ಎಂದಳು ಮಗಳು, ಇಲ್ಲಿನವರಂತೆ ಕೊನೆಗೊಂದು 'ಲಾ' ಸೇರಿಸಿ.

"ಅಜ್ಜನ ವಿದ್ಯೆಗೆ ಶೂ ಲೇಸಾ?" ಎಂದು ಆತನನ್ನೇ ಕೇಳಿದೆ.

"ಅಜ್ಜನಿಗೆ ಸಿಕ್ಕಿದ್ರೆ ಅವನೂ ಬಿಡ್ತಿರ್ಲಿಲ್ಲ!" (ಇಂಗ್ಲಿಷ್ ಆತನದು, ಕನ್ನಡ ನನ್ನದು.) "ನಿಮ್ಮನೇಲಿ ಹಳೇ ಬಟ್ಟೆ ಇದ್ಯಾ?"

ನಮ್ಮನೆಯಲ್ಲಿ ಹಳೇ ಸೀರೆ ಎಸೆಯುವುದುಂಟೇ? ಒರೆಸುವ ಬಟ್ಟೆಯ ಚೀಲವೇ ಒಂದಿತ್ತು. ಒಳಗೇನಿದೆಯೆಂದೂ ನೋಡದೆ, ಕರ್ಣನ ಗತ್ತಿನಲ್ಲಿ ಕೊಟ್ಟುಬಿಟ್ಟೆ.

ಮೂರನೆಯ ದಿನ ನೂಲು ದಾಟುತ್ತಿದ್ದವನು ಅಲ್ಲೇ ನಿಂತೆ. ಮಗ್ಗದ ಮೇಲೆ ನೀಲಿ, ಹಳದಿ ಅಂಚು. ಅಮ್ಮನ ಸೀರೆ! ಹೋದ ವರ್ಷ ಇಲ್ಲಿಗೆ ಬಂದಾಗ ನನ್ನ ಹೆಂಡತಿಗೆ "ಹಳೇದಾಯ್ತು ಕಣೇ, ಒರೆಸೋಕೆ ಇಟ್ಕೊಳ್ಳಿ" ಎಂದು ಚೀಲಕ್ಕೆ ಹಾಕಿ ಹೋಗಿದ್ದಳಂತೆ. ಊರಿಗೆ ಹೋದ ಮೂರು ತಿಂಗಳಿಗೆ ತೀರಿಕೊಂಡಳು. ಅವಳದೆಂದು ಇಲ್ಲಿ ಉಳಿದಿದ್ದ ಒಂದೇ ವಸ್ತುವನ್ನು ನಾನೇ ದಾನ ಮಾಡಿದ್ದೆ. ಅದಾಗಲೇ ಸೀಳಿ ನೇಯ್ದಾಗಿತ್ತು.

ನನ್ನ ಮುಖ ನೋಡಿ ಆತ ಮಗ್ಗ ನಿಲ್ಲಿಸಿದ. ಪಟ್ಟಿಯ ಅಂಚಿನಿಂದ ಸೆರಗಿನ ಒಂದು ಮೂಲೆ ಗಂಟು ಸಮೇತ ಹೊರಗೆ ನೇತಾಡುತ್ತಿತ್ತು.

"ಇದನ್ನ ಮಾತ್ರ ಕತ್ತರಿಸ್ಲಿಲ್ಲ. ಬೇರೆಯವರು ಕಟ್ಟಿದ ಗಂಟು ನಾವು ಬಿಚ್ಚಬಾರ್ದು ಅಂತಿದ್ದ ನಮ್ಮಜ್ಜ. ಯಾರದು?"

"ಅಮ್ಮಂದು."

ಆತ ಕತ್ತರಿ ತೆಗೆದವನೇ, ಪ್ರದರ್ಶನಕ್ಕೆಂದು ತಿಂಗಳಿಡೀ ನೇಯ್ದ ಪಟ್ಟಿಯನ್ನು ಮಗ್ಗದಿಂದ ಕತ್ತರಿಸಿ, ಅಷ್ಟನ್ನೂ ಸುತ್ತಿ ನನ್ನ ಕೈಗಿಟ್ಟ. ಅರ್ಧಕ್ಕೆ ನಿಲ್ಲಿಸದ ಆಸಾಮಿ!

ಎಂಆರ್‌ಟಿ ರೈಲಿನಲ್ಲಿ ಕೂತು ಆ ಗಂಟನ್ನು ಮೂಸಿ ನೋಡಿದೆ. ಲವಂಗ. ಚಿಕ್ಕಂದಿನಲ್ಲಿ ನನಗೆ ಬಸ್ಸಿನಲ್ಲಿ ವಾಂತಿಯಾಗುತ್ತಿತ್ತು; ಅಮ್ಮ ಬಾಯಿಗೊಂದು ಲವಂಗ ಇಡುತ್ತಿದ್ದಳು. ನನಗೆ ನಲವತ್ತು ದಾಟಿದ ಮೇಲೂ ಅಮ್ಮ ಸೆರಗಿನಲ್ಲಿ ಲವಂಗ ಕಟ್ಟಿಕೊಂಡೇ ಸಿಂಗಪುರಕ್ಕೆ ಬಂದಿದ್ದಳು. ನಾನೂ ಗಂಟು ಬಿಚ್ಚಲಿಲ್ಲ.