ಸುಖವಾಗಿ ಸಾಯುವ ಮನೆತನ

ಒಬ್ಬೊಬ್ಬರ ಮನೆಗೆ ಒಂದೊಂದು ಹೆಮ್ಮೆ. ಕೆಲವರಿಗೆ ಸಂಗೀತ, ಕೆಲವರಿಗೆ ಉಪ್ಪಿನಕಾಯಿ. ನಮ್ಮ ಮನೆಯ ಗಂಡಸರ ಹೆಚ್ಚುಗಾರಿಕೆಯೆಲ್ಲ ಸಾಯುವುದರಲ್ಲಿ. ನರಳಿದವರಿಲ್ಲ, ಹಾಸಿಗೆ ಹಿಡಿದವರಿಲ್ಲ. ತಾತ ಪಂಚೆ ಉಡುತ್ತಿದ್ದಂತೆಯೇ ಹೋದರು. ದೊಡ್ಡಪ್ಪ ವಿಜಯನಗರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ಸಂತೋಷದಲ್ಲೇ ಹೋದರು. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರು "ಏಳಿ ಸಾರ್" ಅಂದಾಗಲೇ ಗೊತ್ತಾದದ್ದು. ಅಪ್ಪ ಪೇಪರು ಓದುತ್ತಾ ಹೋದರು. ಅಮ್ಮ ಎದುರಿಗೆ ಕಾಫಿ ಇಟ್ಟು, "ಆರಿಹೋಗುತ್ತೆ, ಕುಡೀರಿ" ಎಂದು ಎರಡು ಸಲ ಗದರಿದ್ದಳಂತೆ. ಪ್ರತಿ ತಿಥಿಗೂ ಸೋದರತ್ತೆ, "ಪುಣ್ಯಾತ್ಮರು ಕಣೋ, ಯಾರ ಕೈಲೂ ಒಂದು ಲೋಟ ನೀರು ಕೇಳಲಿಲ್ಲ" ಎನ್ನುವಾಗ ನನ್ನ ಎದೆ ಉಬ್ಬುತ್ತಿತ್ತು.

ಕಳೆದ ತಿಂಗಳು ನನಗೂ ಸಕ್ಕರೆ ಕಾಯಿಲೆ ಎಂದಾಯಿತು. ರಾಜಾಜಿನಗರದ ನಮ್ಮ ಡಾಕ್ಟರು "ತಂದೆ ಹೇಗೆ ಹೋದ್ರು?" ಎಂದು ಕೇಳಿದ್ದೇ ತಡ, ಈ ಹೆಮ್ಮೆಯನ್ನೆಲ್ಲ ಧಾರಾಳವಾಗಿ ಬಡಿಸಿದೆ. ಕಾಫಿಯ ಭಾಗ ಬಿಟ್ಟುಹೋದಾಗ ಪಕ್ಕದಲ್ಲಿದ್ದ ಹೆಂಡತಿ ಶಾರದೆ ನೆನಪಿಸಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ವಯಸ್ಸೆಷ್ಟಿತ್ತು?"

"ಐವತ್ತು ಸಾರ್. ತಾತನಿಗೆ ಐವತ್ತೆರಡು, ದೊಡ್ಡಪ್ಪನಿಗೆ ನಲವತ್ತೊಂಬತ್ತು. ಮೂವರಿಗೂ ಸಕ್ಕರೆ ಇತ್ತು. ಆದ್ರೆ ಎದೆನೋವು ಗಿದೆನೋವು ಏನೂ ಇರ್ಲಿಲ್ಲ."

"ಸಕ್ಕರೆ ಇರೋರಿಗೆ ಎಷ್ಟೋ ಸಲ ನೋವು ಗೊತ್ತೇ ಆಗಲ್ಲ ರೀ. ಅದು ಪುಣ್ಯ ಅಲ್ಲ, ಹಾರ್ಟ್ ಅಟ್ಯಾಕು. ನಿಮಗೀಗೆಷ್ಟು?"

"ನಲವತ್ತೊಂಬತ್ತು" ಎಂದೆ. ಕೈ ನೋಡುವ ಜೋಯಿಸರೂ ಇಷ್ಟು ಬೇಗ ಭವಿಷ್ಯ ಹೇಳಿ ಮುಗಿಸಿದ್ದನ್ನು ನಾನು ಕಂಡಿಲ್ಲ. ಇ.ಸಿ.ಜಿ. ತೆಗೆದು, ಪಟ್ಟಿಯನ್ನು ಬೆಳಕಿಗೆ ಹಿಡಿದು, "ಆಗ್ಲೇ ಒಂದ್ಸಲ ಬಂದು ಹೋಗಿರೋ ಹಾಗಿದೆ" ಎಂದರು. ನನ್ನ ಎದೆಗೇ ಬಂದು, ನನಗೊಂದು ಮಾತು ಹೇಳದೆ ಹೋಗಿದೆ! ಸಿಗರೇಟು ಬಂದ್, ದಿನಾ ಮಾತ್ರೆ.

ಅಂದಿನಿಂದ ಪೇಪರನ್ನು ನಾನು ಮನಸ್ಸಿನಲ್ಲೇ ಓದುವಂತಿಲ್ಲ. ಶಾರದೆ ಅಡುಗೆಮನೆಯಲ್ಲಿ ಇರುವಷ್ಟು ಹೊತ್ತೂ ಗಟ್ಟಿಯಾಗಿ ಓದುತ್ತಿರಬೇಕು: ರಾಜಕೀಯ, ಕ್ರಿಕೆಟ್ಟು, ಟೆಂಡರು ಪ್ರಕಟಣೆ. ಪುಟ ತಿರುವಲು ತುಸು ನಿಲ್ಲಿಸಿದರೂ ಸೌಟು ಹಿಡಿದು ಓಡಿಬರುತ್ತಾಳೆ.

"ರೀ!"

"ಇದೀನಿ ಕಣೇ."

"ಹಾಗಿದ್ರೆ ಓದಿ."

ನಿಧನವಾರ್ತೆಯನ್ನೂ ಬಿಡುವಂತಿಲ್ಲ. ನಿನ್ನೆ ಅತ್ತಿಗುಪ್ಪೆಯ ಯಾರೋ ಒಬ್ಬರು, ಹೃದಯಾಘಾತ. ಒಳಗೆ ಸೌಟಿನ ಸದ್ದು ನಿಂತಿತು. "ವಯಸ್ಸೆಷ್ಟಂತೆ?"

ಫೋಟೋದಲ್ಲಿ ಕಪ್ಪು ಮೀಸೆ, ನನ್ನದೇ ಓರಗೆ.

"ತೊಂಬತ್ತು" ಎಂದೆ.

"ಸದ್ಯ, ತುಂಬು ಜೀವನ." ಸೌಟು ಮತ್ತೆ ಆಡತೊಡಗಿತು.

ನಮ್ಮ ಮನೆಗೆ ಬರುವ ಪೇಪರಿನಲ್ಲಿ ಒಂದು ತಿಂಗಳಿಂದ ತೊಂಬತ್ತರೊಳಗೆ ಒಬ್ಬರೂ ಸತ್ತಿಲ್ಲ. ದಿನಾ ಹೀಗೆ ಸುಳ್ಳು ಹೇಳಿದರೆ ಇದ್ದಬದ್ದ ಪುಣ್ಯವೆಲ್ಲ ಕರಗುತ್ತದೆ ಎನ್ನುತ್ತಾಳೆ, ಈ ಗುಟ್ಟು ತಿಳಿದ ಸೋದರತ್ತೆ. ಕರಗಲಿ ಎಂದೇ ನಾನೂ ಓದುತ್ತಿದ್ದೇನೆ.